ಪ್ರಬಂಧದ ಮೊದಲ ವಾಕ್ಯ

(ಗೊಬ್ಬೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ದತ್ತಿಯ ಹಿರಿಯರು ನನಗೇ ಬಿಟ್ಟುಕೊಟ್ಟಾಗ, ಶರಣರ ವಚನಗಳನ್ನಾಗಲಿ, ಮಳಖೇಡದ ರಾಷ್ಟ್ರಕೂಟರನ್ನಾಗಲಿ, ಗಾಣಗಾಪುರದ ಸಂಗಮಕ್ಷೇತ್ರದ ಮಹಿಮೆಯನ್ನಾಗಲಿ ಕುರಿತು ನಾನು ಮಾತನಾಡುವೆನೆಂದು ಅವರು ನಿರೀಕ್ಷಿಸಿದ್ದರೆ ಅದು ಸಹಜವೇ ಆಗಿದ್ದಿತು. ಇಂತಹ ವೇದಿಕೆಗಳಿಂದ ಕೇಳಿಬರುವ ವಿಷಯಗಳು ಸಾಮಾನ್ಯವಾಗಿ ಅಂಥವು, ಮತ್ತು ಅವು ಕೇಳತಕ್ಕಂಥವೂ ಹೌದು. ಆದರೆ ಮೂವತ್ತಮೂರು ವರ್ಷಗಳ ಕಾಲ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡವನ್ನು ಕಲಿಸಿ, ಕೆಂಪು ಮಸಿಯ ಲೇಖನಿಯನ್ನು ಕೆಳಗಿಟ್ಟು ಮನೆಗೆ ಬಂದ ಮೇಲೆಯೂ ನನ್ನನ್ನು ಬಿಡದೆ ಹಿಂಬಾಲಿಸಿಕೊಂಡು ಬಂದ ಪ್ರಶ್ನೆಯೊಂದಿದೆ. ಈ ಸಂಜೆ ನಿಮ್ಮ ಮುಂದೆ ಇಡಲು ಅದಕ್ಕಿಂತ ಹೆಚ್ಚಿನದು ನನ್ನಲ್ಲಿ ಇಲ್ಲ. ತರಗತಿಯಲ್ಲಿ ಮಾಸ್ತರು ಪ್ರಬಂಧಕ್ಕೆ ಒಂದು ವಿಷಯವನ್ನು ಕೊಟ್ಟು, ನಾಳೆಗೆ ಎರಡು ಪುಟ ಬರೆದುಕೊಂಡು ಬನ್ನಿರೆಂದು ಅಪ್ಪಣೆಮಾಡಿದ ದಿನದ ರಾತ್ರಿ, ಬಿಳಿಯ ಹಾಳೆಯ ಮುಂದೆ ಕುಳಿತ ಮಗುವಿಗೆ ಏನಾಗುತ್ತದೆ?

ಹೊರಗಿನಿಂದ ನೋಡಿದರೆ ಅಲ್ಪವಾಗಿ ಕಾಣುವ ಈ ಸಂಕಟವನ್ನು ನಾನೂ ಅನುಭವಿಸಿದವನು. ನಮ್ಮ ಸೀಮೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ್ದು 1948ರ ಸೆಪ್ಟೆಂಬರ್ 17ರಂದು. ಏಕೀಕೃತ ಮೈಸೂರು ರಾಜ್ಯದಲ್ಲಿ ಅದು ಸೇರಿದ್ದು 1956ರ ನವೆಂಬರ್ 1ರಂದು. ನಾನು ಏಳನೆಯ ಇಯತ್ತೆಯಲ್ಲಿ ಓದುತ್ತಿದ್ದುದು ಅದಾಗಿ ಆರೇಳು ವರ್ಷಗಳ ಮೇಲೆ. 1918ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯವು ಗಣಿತ ವಿಜ್ಞಾನಗಳನ್ನೂ ಉರ್ದುವಿನಲ್ಲಿಯೇ ಬೋಧಿಸುತ್ತಿದ್ದುದರಿಂದ, ಅಲ್ಲಿಗೆ ಹೋಗಬೇಕೆಂಬ ಆಸೆಯುಳ್ಳ ಕೆಳಗಿನ ಶಾಲೆಗಳು ಅದೇ ಜಾಡನ್ನು ಹಿಡಿದಿದ್ದವು. ಹೀಗಾಗಿ ಕಲಬುರ್ಗಿಯಲ್ಲಿ ಓದಿದ ನನ್ನ ತಂದೆಯವರು ತಮ್ಮ ಬಾಲ್ಯದಲ್ಲಿ ಬರೆದದ್ದು ಉರ್ದು ಮಜ್ಮೂನನ್ನು, ಕನ್ನಡ ಪ್ರಬಂಧವನ್ನಲ್ಲ. ತಹಸೀಲು ಕಚೇರಿಗೆ ಉರ್ದುವಿನಲ್ಲಿ ಅರ್ಜಿಯನ್ನು ಮುತ್ತು ಪೋಣಿಸಿದಂತೆ ಬರೆಯಬಲ್ಲವರಾಗಿದ್ದ ಅವರು, ಮಗನ ಕನ್ನಡ ಪ್ರಬಂಧದ ಮುಂದೆ ಮಾತ್ರ ಕೈಕಟ್ಟಿ ಕುಳಿತುಬಿಡುತ್ತಿದ್ದರು. ಮನೆಯಲ್ಲಿ ಆಡುವುದು ಒಂದು ನುಡಿ, ತಂದೆ ಬರೆಯುವುದು ಮತ್ತೊಂದು, ಮಗ ಬರೆಯಬೇಕಾದುದು ಮೂರನೆಯದು: ಈ ಪ್ರಾಂತದ ಸಾವಿರಾರು ಮನೆಗಳ ಸ್ಥಿತಿ ಅಂದು ಇದೇ ಆಗಿದ್ದಿತು. ಉರ್ದು ಮಾಧ್ಯಮದಲ್ಲಿ ಓದಿ ಬಂದ ಸಿದ್ಧಯ್ಯ ಪುರಾಣಿಕರು ‘ಕಾವ್ಯಾನಂದ’ರೆಂಬ ಹೆಸರಿನಿಂದ ಕನ್ನಡದ ಕವಿಗಳಾಗಿ, 1987ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೇರಿದರೆಂಬುದನ್ನು ನೆನೆದಾಗಲೆಲ್ಲ, ಅವರು ದಾಟಿದ ದೂರ ಎಷ್ಟೆಂಬುದನ್ನು ನಮ್ಮ ತಂದೆಯವರ ಮುಖ ನನಗೆ ತಿಳಿಸಿಕೊಡುತ್ತದೆ.

ನಮಗೆ ಆ ಸಲ ಕೊಟ್ಟ ವಿಷಯ ‘ಸಮುದ್ರತೀರದಲ್ಲಿ ಒಂದು ಸಂಜೆ’. ಭೀಮಾನದಿಯಿಂದ ಆಚೆಗಿನ ನೀರನ್ನು ಕಂಡಿಲ್ಲದ ನಲವತ್ತು ಮಕ್ಕಳಿಗೆ ಈ ವಿಷಯವನ್ನು ಕೊಡುವಾಗ ಗುರುಗಳ ಮನಸ್ಸಿನಲ್ಲಿ ದುರುದ್ದೇಶವೇನೂ ಇರಲಿಲ್ಲವೆಂದು ನಾನು ನಂಬಿದ್ದೇನೆ; ಪ್ರಬಂಧದ ಪುಸ್ತಕದಲ್ಲಿ ಆ ಶೀರ್ಷಿಕೆ ಇದ್ದಿತು, ಅವರು ಕೊಟ್ಟರು, ಅಷ್ಟೆ. ಮೊದಲನೆಯ ರಾತ್ರಿ ನಾನು ಶೀರ್ಷಿಕೆಯನ್ನು ಬರೆದು ಅದರ ಕೆಳಗೆ ಎರಡು ಗೆರೆಗಳನ್ನು ಎಳೆದೆ. ಎರಡನೆಯ ರಾತ್ರಿ ಆ ಹಾಳೆಯನ್ನು ಹರಿದು, ಹೊಸ ಹಾಳೆಯ ಮೇಲೆ ಮತ್ತೆ ಶೀರ್ಷಿಕೆಯನ್ನು ಬರೆದು, ಮತ್ತೆ ಗೆರೆಗಳನ್ನು ಎಳೆದೆ. ಮೂರನೆಯ ರಾತ್ರಿ ಕಂದೀಲಿನ ಎದುರಿಗೆ ನಾನು ಕಣ್ಣೀರು ತುಂಬಿಕೊಂಡು ಕುಳಿತಿದ್ದಾಗ, ಆ ಬದಿಯಲ್ಲಿ ಮೊರದ ತುಂಬ ತೊಗರಿಯನ್ನು ಹಸನುಮಾಡುತ್ತಿದ್ದ ನಮ್ಮ ಆಯಿ ತಲೆಯೆತ್ತಿ ನೋಡಿದಳು.

“ಯಾಕಪ್ಪಾ, ಮೂರು ದಿನ ಆಯ್ತು, ಹಾಳಿ ಮುಂದಿಟ್ಟುಕೊಂಡು ಸುಮ್ಮ ಕುಂತೀದಿ?”

“ಸಮುದ್ರದ ಮ್ಯಾಲ ಬರೀಬೇಕಾಗ್ಯಾದ ಆಯಿ.”

“ಸಮುದ್ರ ನೋಡೀದೇನು?”

“ಇಲ್ಲ.”

“ಮತ್ತ ನೋಡಿಲ್ಲಂತ ಬರಿ. ಭೀಮಿ ನೋಡೀದಿ ಹೌದಿಲ್ಲೋ, ಆಕೀನ ಬರಿ.”

ಅಕ್ಷರಗಳ ಗುರುತೇ ಇಲ್ಲದ ಆ ವೃದ್ಧೆಯ ಮಾತು ಕೇಳಿದೊಡನೆ ನನ್ನ ಕೈ ತಾನಾಗಿ ಚಲಿಸಿತು. ಸಮುದ್ರವನ್ನು ನಾನು ನೋಡಿಲ್ಲವೆಂಬುದೇ ಮೊದಲ ವಾಕ್ಯವಾಯಿತು. ಬೇಸಿಗೆಯಲ್ಲಿ ಸೊರಗಿ ಮರಳಿನ ನಡುವೆ ಒಂದು ಎಳೆಯಾಗಿ ಹರಿಯುವ ಭೀಮೆ, ಆ ಮರಳಿನಲ್ಲಿ ಹಬ್ಬಿದ ಕಲ್ಲಂಗಡಿಯ ಬಳ್ಳಿ, ಸಂಜೆಗೆ ನೀರಿನಿಂದ ಮೇಲೇಳಲೊಲ್ಲದ ಎಮ್ಮೆಗಳು, ಮಳೆಗಾಲದಲ್ಲಿ ‘ಹೊಳಿ ಬಂತು’ ಎಂಬ ಕೂಗು ಕೇಳಿದೊಡನೆ ಊರಿಗೆ ಊರೇ ದಂಡೆಗೆ ಓಡುವ ಬಗೆ, ಆ ಕೆಸರುನೀರಿನಲ್ಲಿ ಬುಡಮೇಲಾಗಿ ತೇಲಿಹೋದ ಒಂದು ಜಾಲಿಯ ಮರ, ಇವೆಲ್ಲವೂ ಒಂದರ ಹಿಂದೆ ಒಂದು ಹಾಳೆಯ ಮೇಲೆ ಬಂದವು. ಎರಡು ಪುಟ ಸಾಲದೆ ಮೂರನೆಯ ಪುಟಕ್ಕೆ ಹೋದೆ. ನಾಲ್ಕು ದಿನಗಳ ಮೇಲೆ ನೋಟುಪುಸ್ತಕ ಮರಳಿ ಬಂದಾಗ, ಮೊದಲ ವಾಕ್ಯದ ಮೇಲೆ ಕೆಂಪು ಗೆರೆ. ಅಂಚಿನಲ್ಲಿ ‘ವಿಷಯಾಂತರ’ ಎಂಬ ಒಂದೇ ಶಬ್ದ. ಹತ್ತಕ್ಕೆ ಮೂರು ಅಂಕ.

ಅಂಕದ ದುಃಖ ಬೇಗ ಮರೆತುಹೋಯಿತು. ಆ ಮೂರನೆಯ ರಾತ್ರಿ ಕೈ ಚಲಿಸಿದ ಸುಖ ಮಾತ್ರ ಇಂದಿಗೂ ಮರೆತಿಲ್ಲ. ಬರವಣಿಗೆಯನ್ನು ಕಲಿಸುವ ವೃತ್ತಿಗೆ ನಾನು ಬಂದುದು ಆ ಸುಖದ ಬೆನ್ನು ಹತ್ತಿಯೇ.

ಬಹುಕಾಲದ ಅನಂತರ, ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ರೋಮಿನಲ್ಲಿ ವಾಕ್ಚಾತುರ್ಯವನ್ನು ಬೋಧಿಸುತ್ತಿದ್ದ ಕ್ವಿಂಟಿಲಿಯನ್ ಎಂಬ ಆಚಾರ್ಯನ ಗ್ರಂಥದಲ್ಲಿ ನನ್ನ ಆ ಮೂರು ರಾತ್ರಿಗಳನ್ನೇ ಹೋಲುವ ಪ್ರಸಂಗವೊಂದನ್ನು ಓದಿ ನಾನು ಬೆರಗಾದೆನು. ಸೆಕುಂಡಸ್ ಎಂಬ ಬಾಲಕನು ಶಾಲೆಯಲ್ಲಿ ಕೊಟ್ಟ ವಿಷಯಕ್ಕೆ ಪೀಠಿಕೆ ಹೊಳೆಯದೆ ಮೂರು ದಿನಗಳಿಂದ ಕಂಗಾಲಾಗಿದ್ದಾನೆ. ಗಾಲ್ ದೇಶದಲ್ಲಿ ವಾಗ್ಮಿಯೆಂದು ಖ್ಯಾತನಾದ ಅವನ ಚಿಕ್ಕಪ್ಪ ಫ್ಲೋರಸನು ಹುಡುಗನ ಬಾಡಿದ ಮುಖವನ್ನು ನೋಡಿ ಕಾರಣವನ್ನು ಕೇಳುತ್ತಾನೆ. ಹುಡುಗ ಇದ್ದುದನ್ನು ಇದ್ದಂತೆ ಹೇಳಿಕೊಳ್ಳುತ್ತಾನೆ. ಆಗ ಆ ಹಿರಿಯನು ನಸುನಕ್ಕು, ನಿನ್ನ ಶಕ್ತಿಗೆ ಮೀರಿದಷ್ಟು ಚೆನ್ನಾಗಿ ಹೇಳಬೇಕೆಂಬುದು ನಿನ್ನ ಹಂಬಲವೋ ಎಂದು ಕೇಳಿದನಂತೆ. ಶಕ್ತಿಯಿದ್ದಷ್ಟು ಚೆನ್ನಾಗಿ ಬರೆಯಲು ಶ್ರಮಿಸತಕ್ಕದ್ದು, ಆದರೆ ಇಲ್ಲದ ಶಕ್ತಿಯನ್ನು ನೆನೆದು ಇರುವುದನ್ನೂ ಕುಗ್ಗಿಸಿಕೊಳ್ಳತಕ್ಕದ್ದಲ್ಲ ಎಂಬುದು ಆ ಆಚಾರ್ಯನ ಅಭಿಪ್ರಾಯ. ಗಾಲ್ ದೇಶದ ಆ ಚಿಕ್ಕಪ್ಪನೂ ಭೀಮಾತೀರದ ನಮ್ಮ ಆಯಿಯೂ ಹೇಳಿದ್ದು ಬಹುಮಟ್ಟಿಗೆ ಒಂದೇ ಮಾತು.

ಈಗ ನಮ್ಮ ನೆಲಕ್ಕೇ ಬರೋಣ. ಇಲ್ಲಿಂದ ಒಂದು ದಿನದೊಳಗೆ ಹೋಗಿಬರಬಹುದಾದಷ್ಟು ಸಮೀಪದಲ್ಲಿ, ಸೇಡಂ ತಾಲ್ಲೂಕಿನ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳುತ್ತಿದ್ದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದುದೆಂಬುದನ್ನು ಮಕ್ಕಳು ಪಾಠವಾಗಿ ಓದಿರುತ್ತೀರಿ. 1898ರಲ್ಲಿ ಕೆ.ಬಿ. ಪಾಠಕರು ಅದನ್ನು ಅಚ್ಚುಹಾಕಿಸಿದ ಲಾಗಾಯ್ತು ವಿದ್ವಾಂಸರು ಅದರಲ್ಲಿ ನಾಡಿನ ಎಲ್ಲೆಗಳನ್ನು ಹುಡುಕಿದ್ದಾರೆ, ಕವಿಗಳ ಹೆಸರುಗಳನ್ನು ಹುಡುಕಿದ್ದಾರೆ, ಅಲಂಕಾರಗಳ ಮೂಲವನ್ನು ಹುಡುಕಿದ್ದಾರೆ. ಹಳ್ಳಿಯ ಶಾಲೆಯ ಮಾಸ್ತರನಾಗಿ ನಾನು ಅದನ್ನು ಓದಿದ್ದು ಬೇರೊಂದು ಉದ್ದೇಶದಿಂದ. ಬರೆಯಲು ಕಲಿಯುವವನಿಗೆ ಬರವಣಿಗೆಯ ಗುಣದೋಷಗಳನ್ನು ತಿಳಿಸಿಕೊಡುವುದೇ ಆ ಗ್ರಂಥದ ಮುಖ್ಯ ಪ್ರಯೋಜನವಾಗಿರುವುದರಿಂದ, ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥವು ಒಂದರ್ಥದಲ್ಲಿ ಪ್ರಬಂಧದ ತರಗತಿಯಲ್ಲಿಯೇ ಹುಟ್ಟಿತೆಂದು ನಾನು ತಿಳಿದಿದ್ದೇನೆ.

ಅದರ ಮೊದಲ ಪರಿಚ್ಛೇದದಲ್ಲಿ ಬರುವ ಕೆಲವು ವಿಚಾರಗಳನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪಟ್ಟುಹಿಡಿದು ಅಭ್ಯಾಸಮಾಡಿದವರಷ್ಟೇ ಅಲ್ಲದೆ ಮಿಕ್ಕವರೂ ತಮ್ಮ ಮನೆಮಾತಿನಲ್ಲಿ ಬುದ್ಧಿವಂತರೇ. ಚಿಕ್ಕ ಕೂಸುಗಳು, ಮಾತು ಬಾರದವರು ಕೂಡ ತಮ್ಮ ತಿಳಿವನ್ನು ಪರರಿಗೆ ಮುಟ್ಟಿಸಬಲ್ಲರು ಎಂದು ಆ ಆಚಾರ್ಯನು ಹೇಳುತ್ತಾನೆ. ಮುಂದೆ ಒಂದು ಸೋಪಾನವನ್ನೇ ಕಟ್ಟುತ್ತಾನೆ: ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವನು ಬಲ್ಲವನು, ಸ್ವಲ್ಪದರಲ್ಲಿ ಬಹಳವನ್ನು ಹೇಳಬಲ್ಲವನು ಅವನಿಗಿಂತ ನಿಪುಣ, ಅದನ್ನು ಛಂದಸ್ಸಿನಲ್ಲಿ ಕೂಡಿಸಬಲ್ಲವನು ಇನ್ನೂ ಮೇಲಿನವನು, ಮಹಾಕೃತಿಯನ್ನು ತಡೆಯಿಲ್ಲದೆ ರಚಿಸಬಲ್ಲವನು ಎಲ್ಲರಿಗಿಂತ ಮಿಗಿಲಾದವನು. ನಮ್ಮ ಶಾಲೆಗಳಲ್ಲಿ ಇಷ್ಟು ವರ್ಷ ನಾವು ಮಾಡುತ್ತ ಬಂದಿರುವುದೇನು? ಮೊದಲ ಮೆಟ್ಟಿಲನ್ನೇ ತೋರಿಸದೆ, ನಡುವಿನ ಮೆಟ್ಟಿಲ ಮೇಲೆ ಮಗುವನ್ನು ಎತ್ತಿ ನಿಲ್ಲಿಸಿ, ಅದು ತತ್ತರಿಸಿದರೆ ಅದಕ್ಕೆ ಕನ್ನಡ ಬರುವುದಿಲ್ಲವೆಂದು ತೀರ್ಪುಕೊಡುತ್ತಿದ್ದೇವೆ. ತನ್ನ ಮನಸ್ಸಿನಲ್ಲಿದ್ದುದನ್ನು ತನ್ನ ನುಡಿಯಲ್ಲಿ ಹೇಳು ಎಂದು ನಾವು ಅದನ್ನು ಕೇಳಿಯೇ ಇಲ್ಲ.

ಅದೇ ಗ್ರಂಥದಲ್ಲಿ ಇನ್ನೂ ಎರಡು ಸಂಗತಿಗಳು ಈ ಸೀಮೆಯವರಾದ ನಮಗೆ ವಿಶೇಷವಾಗಿ ಸಲ್ಲತಕ್ಕವು. ಕನ್ನಡದ ತಿರುಳು ಇರುವ ಪ್ರದೇಶವೆಂದು ಅದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಹೆಸರಿಸುತ್ತದೆ. ಇವು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಸೀಮೆಯ ಒಕ್ಕುಂದ. ಅರಸನ ರಾಜಧಾನಿಯಾದ ಮಾನ್ಯಖೇಟವು, ಅಂದರೆ ಇಂದಿನ ಮಳಖೇಡವು, ಈ ನಾಲ್ಕರಲ್ಲಿ ಸೇರಿಲ್ಲ. ತಿರುಳ್ಗನ್ನಡದ ಸೀಮೆಯಿಂದ ಹೊರಗಿದ್ದ ಊರಿನಲ್ಲಿ ಕುಳಿತು, ಹಾಗೆ ಹೊರಗಿರುವೆವೆಂಬ ಕೀಳರಿಮೆಯ ಸುಳಿವೂ ಇಲ್ಲದೆ, ಕನ್ನಡದ ಮೊದಲ ಲಕ್ಷಣಗ್ರಂಥವನ್ನು ಬರೆದರಲ್ಲ ನಮ್ಮ ಹಿರಿಯರು! ನಮ್ಮ ಮಾತು ಶುದ್ಧವಲ್ಲವೆಂದು ತಲೆತಗ್ಗಿಸುವ ಕಲಬುರ್ಗಿ ಜಿಲ್ಲೆಯ ಪ್ರತಿಯೊಂದು ಮಗುವಿಗೂ ಈ ಸಂಗತಿಯನ್ನು ಕಿವಿಯಲ್ಲಿ ಹೇಳಬೇಕೆಂದು ನನಗೆ ಅನಿಸುತ್ತದೆ. ಎರಡನೆಯದು, ದೇಸಿಯು ಊರೂರಿಗೆ ಬೇರೆಬೇರೆಯಾಗಿರುವುದರಿಂದ ಕನ್ನಡಗಳ ದೋಷವಿಷ್ಟೆಂದು ಎಣಿಸಹೊರಟರೆ ನಾಗರಾಜ ವಾಸುಕಿಯೂ ಬೇಸತ್ತುಹೋದಾನು ಎಂಬ ಭಾವದ ಮಾತು. ವಾಸುಕಿಗೆ ಆಗದ ಕೆಲಸವನ್ನು ನಾನು ಒಂದು ಕೆಂಪು ಲೇಖನಿಯಿಂದ ಮಾಡಲು ಹೊರಟಿದ್ದೆ.

ಆ ಕಥೆಯನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ನಾನು ಮಾಸ್ತರನಾಗಿ ನಾಲ್ಕೈದು ವರ್ಷಗಳಾಗಿದ್ದವು. ಒಂಬತ್ತನೆಯ ತರಗತಿಯಲ್ಲಿ ‘ಸುಗ್ಗಿಯ ದಿನಗಳು’ ಎಂಬ ವಿಷಯ ಕೊಟ್ಟಿದ್ದೆ. ಸಮುದ್ರವನ್ನು ಕೊಡುವ ತಪ್ಪನ್ನು ನಾನು ಮಾಡಲಾರೆನೆಂಬ ಹೆಮ್ಮೆ ಬೇರೆ. ಯಾವಾಗಲೂ ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದ ಒಬ್ಬ ಹುಡುಗಿ, ರಾಶಿಯ ದಿನ ಹೊಲದಲ್ಲಿ ಒಣಗಿದ ತೊಗರಿಯ ಕಾಯಿ ಕಾಲು ತಾಕಿದರೆ ಸಾಕು ಗಿಲಿಗಿಲಿ ಅನ್ನುತ್ತಿದ್ದವೆಂದು ಬರೆದಿದ್ದಳು. ನಾನು ಆ ‘ಗಿಲಿಗಿಲಿ ಅನ್ನುತ್ತಿದ್ದವು’ ಎಂಬುದನ್ನು ಹೊಡೆದುಹಾಕಿ, ಮೇಲೆ ‘ಶಬ್ದಮಾಡುತ್ತಿದ್ದವು’ ಎಂದು ತಿದ್ದಿದೆ. ಹಾಗೆಯೇ ‘ಅವ್ವ’ ಎಂದಿದ್ದಲ್ಲಿ ‘ತಾಯಿ’, ‘ಮುತ್ಯಾ’ ಎಂದಿದ್ದಲ್ಲಿ ‘ಅಜ್ಜ’. ಮುಂದಿನ ಸಲ ಆ ಹುಡುಗಿ ಕೊಟ್ಟ ಪ್ರಬಂಧದಲ್ಲಿ ತಪ್ಪು ಒಂದೂ ಇರಲಿಲ್ಲ. ಅವಳದೆನ್ನುವ ವಾಕ್ಯವೂ ಒಂದೂ ಇರಲಿಲ್ಲ. ಎಲ್ಲವೂ ಗೈಡಿನಿಂದ ಇಳಿಸಿಕೊಂಡದ್ದು. ತೊಗರಿಯ ಕಣಜವೆಂದು ಹೆಸರಾದ ಈ ಜಿಲ್ಲೆಯಲ್ಲಿ ತೊಗರಿಯ ಕಾಯಿಯ ಸದ್ದನ್ನು ಕಿವಿಯಿಂದ ಕೇಳಿ ಅಕ್ಷರದಲ್ಲಿ ಹಿಡಿದಿದ್ದ ಮಗುವಿನ ಕೈಯಿಂದ ಅದನ್ನು ನಾನೇ ಕಿತ್ತುಕೊಂಡೆನೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅಷ್ಟರಲ್ಲಿ ಅವಳು ಶಾಲೆ ಬಿಟ್ಟು, ಮದುವೆಯಾಗಿ, ಬೇರೆ ಊರಿಗೆ ಹೋಗಿದ್ದಳು.

ಮಕ್ಕಳೆ, ಇನ್ನು ನಿಮಗೆ ನೇರವಾಗಿ ಹೇಳಬೇಕಾದುದನ್ನು ಹೇಳುತ್ತೇನೆ. ಕಠಿನವಾದ ವಿಷಯವೊಂದನ್ನು ಕೊಟ್ಟಾಗ ಮೊದಲು ಲೇಖನಿಯನ್ನು ಎತ್ತಿಕೊಳ್ಳಬೇಡಿ. ಮನೆಯಲ್ಲಿ ಯಾರಾದರೊಬ್ಬರನ್ನು, ರೊಟ್ಟಿ ಬಡಿಯುತ್ತಿರುವ ಅವ್ವನಾಗಲಿ, ಕಟ್ಟೆಯ ಮೇಲೆ ಕುಳಿತ ಮುತ್ಯಾನಾಗಲಿ, ಚಿಕ್ಕ ತಮ್ಮನೇ ಆಗಲಿ, ಹಿಡಿದುಕೊಂಡು ಆ ವಿಷಯವನ್ನು ಅವರಿಗೆ ಬಾಯಿಂದ ಹೇಳಿ. ಕೇಳುವವರು ‘ಆಮೇಲೆ?’ ಎಂದು ಕೇಳಿದ ಕಡೆಯಲ್ಲಿ ನಿಮ್ಮ ವಿಷಯಕ್ಕೆ ಜೀವವಿದೆಯೆಂದು ತಿಳಿಯಿರಿ. ಅವರು ಆಕಳಿಸಿದ ಕಡೆಯಲ್ಲಿ ನೀವು ಹೇಳುತ್ತಿರುವುದು ಯಾರದೋ ಮಾತು. ಆನಂತರ, ಹೇಳಿದುದನ್ನು ಹೇಳಿದ ಹಾಗೆಯೇ, ನಿಮ್ಮ ಮನೆಯ ಮಾತಿನಲ್ಲಿಯೇ, ಒಂದು ರದ್ದಿ ಹಾಳೆಯ ಮೇಲೆ ಬರೆದುಕೊಳ್ಳಿ.

ಒಂದು ಉದಾಹರಣೆ. ‘ನಮ್ಮ ಊರಿನ ಹಬ್ಬ’ ಎಂಬ ವಿಷಯಕ್ಕೆ ಗೈಡು ಏನು ಹೇಳುತ್ತದೆಂಬುದು ನಿಮಗೆಲ್ಲ ಗೊತ್ತು: ಭಾರತ ಹಬ್ಬಗಳ ನಾಡು, ಹಬ್ಬಗಳು ಸಂಸ್ಕೃತಿಯ ಪ್ರತೀಕ, ಇತ್ಯಾದಿ. ಅದನ್ನು ಬದಿಗಿರಿಸಿ, ಎಳ್ಳಮಾವಾಸ್ಯೆಯ ದಿನವನ್ನು ಹೇಳು ಎಂದು ಈ ಕಡೆಯ ಒಂದು ಮಗುವನ್ನು ಕೇಳಿದಾಗ ಅದು ಹೀಗೆ ಹೇಳಿತು: “ಎಳ್ಳಮಾಸಿ ದಿನ ಅವ್ವ ಮುಂಜಾನೆದ್ದು ಸಜ್ಜಿ ಕಡುಬು ಮಾಡಿದ್ಲು, ಭಜ್ಜಿ ಮಾಡಿದ್ಲು. ನಾವೆಲ್ಲಾ ಗಾಡಿ ಕಟ್ಗೊಂಡು ಹೊಲಕ್ಕ ಹೋದ್ವಿ. ಮುತ್ಯಾ ಚರಗ ಚೆಲ್ಲಿದ. ಭೂಮಿತಾಯಿ ಬಸರಿ ಇರ್ತಾಳಂತ, ಆಕಿಗಿ ಉಣ್ಣಸಬೇಕಂತ.” ಇದನ್ನು ಪುಸ್ತಕದ ಕನ್ನಡಕ್ಕೆ ತರಲು ಎಷ್ಟು ಶ್ರಮ ಬೇಕು? ‘ಎಳ್ಳಮಾವಾಸ್ಯೆಯ ದಿನ ಅವ್ವ ಮುಂಜಾನೆ ಎದ್ದು ಸಜ್ಜೆಯ ಕಡುಬನ್ನೂ ಭಜ್ಜಿಯನ್ನೂ ಮಾಡಿದಳು. ನಾವೆಲ್ಲರೂ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಮುತ್ಯಾ ಚರಗ ಚೆಲ್ಲಿದನು. ಭೂಮಿತಾಯಿ ಬಸುರಿಯಾಗಿರುತ್ತಾಳಂತೆ, ಅವಳಿಗೆ ಉಣಿಸಬೇಕಂತೆ.’ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದರೆ ಬದಲಾದುದು ಬಹುತೇಕ ಪದಗಳ ತುದಿ ಮಾತ್ರ. ‘ಹೊಲಕ್ಕ’ ಎಂಬುದು ‘ಹೊಲಕ್ಕೆ’ ಆಯಿತು, ‘ಮಾಡಿದ್ಲು’ ಎಂಬುದು ‘ಮಾಡಿದಳು’ ಆಯಿತು. ‘ಅದ’ ಎಂಬುದು ‘ಇದೆ’, ‘ಮ್ಯಾಲ’ ಎಂಬುದು ‘ಮೇಲೆ’ ಆಗುವುದೂ ಹೀಗೆಯೇ. ನಮಗೂ ಗ್ರಂಥಕ್ಕೂ ನಡುವೆ ಸಮುದ್ರವೇ ಇದೆಯೆಂದು ನಾವು ಹೆದರಿದ್ದೆವು. ಇರುವುದು ಮೊಳಕಾಲುದ್ದ ನೀರಿನ ಹಳ್ಳ.

ಆದರೆ ‘ಚರಗ’ವನ್ನು ಬದಲಿಸಬೇಡಿ, ‘ಭಜ್ಜಿ’ಯನ್ನು ಬದಲಿಸಬೇಡಿ. ಆ ವಸ್ತುಗಳಿಗೆ ಬೇರೆ ಹೆಸರಿಲ್ಲ. ಬೆಂಗಳೂರಿನ ಪರೀಕ್ಷಕರಿಗೆ ಅವು ತಿಳಿಯಲಿಕ್ಕಿಲ್ಲವೆಂಬ ಭಯವಿದ್ದರೆ, ಅಂದು ಮಾಡಿದ ಅಡಿಗೆಯಲ್ಲಿ ಸ್ವಲ್ಪವನ್ನು ಹೊಲದ ತುಂಬ ನಡೆದು ಎರಚುವುದಕ್ಕೆ ನಾವು ಚರಗವೆನ್ನುತ್ತೇವೆಂದು ಇನ್ನೊಂದು ವಾಕ್ಯ ಸೇರಿಸಿ; ಪ್ರಬಂಧಕ್ಕೆ ಒಂದು ಸಾಲು ಹೆಚ್ಚಾಯಿತು, ಪರೀಕ್ಷಕರಿಗೆ ಒಂದು ಹೊಸ ಸಂಗತಿ ತಿಳಿಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಎಂಬ ಪುಸ್ತಕವನ್ನು ಪ್ರಕಟಿಸಿದಾಗ, ಅವರು ತಮ್ಮ ಹೇಮಾವತಿಯ ದಂಡೆಯ ಊರನ್ನು ಬಿಟ್ಟು ಆಚೆಗೆ ಹೋಗಲಿಲ್ಲ. ಅದನ್ನು ಯಾರೂ ವಿಷಯಾಂತರವೆನ್ನಲಿಲ್ಲ. ಕನ್ನಡದಲ್ಲಿ ಪ್ರಬಂಧವೆಂಬುದು ಏನೆಂದು ಕೇಳಿದವರಿಗೆ ಆ ಪುಸ್ತಕವನ್ನು ತೋರಿಸುತ್ತ ಬಂದರು. ಹೇಮಾವತಿಗೆ ಸಂದ ಗೌರವ ನಮ್ಮ ಭೀಮೆಗೆ ಏಕೆ ಸಲ್ಲಬಾರದು?

ಇನ್ನು ಪೀಠಿಕೆಯ ಮಾತು. ಪೀಠಿಕೆ, ವಿಷಯನಿರೂಪಣೆ, ಉಪಸಂಹಾರ ಎಂಬ ಮೂರು ಅಂಗಗಳನ್ನು ನಾವು ಕಲಿಸುತ್ತೇವೆ; ಅದು ತಪ್ಪಲ್ಲ. ಓದುವವನು ಅವುಗಳನ್ನು ಆ ಕ್ರಮದಲ್ಲಿ ಓದುತ್ತಾನೆಂಬುದೂ ನಿಜ. ಆದರೆ ಬರೆಯುವವನು ಅದೇ ಕ್ರಮದಲ್ಲಿ ಬರೆಯಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮನೆ ಕಟ್ಟುವವರು ಬಾಗಿಲಿನ ಚೌಕಟ್ಟನ್ನು ನಿಲ್ಲಿಸಿದರೂ ಬಾಗಿಲನ್ನು ಕೂಡಿಸುವುದು ಕೊನೆಗೆ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯಿಂದ, ಅದು ನಡುವಿನದಾಗಿದ್ದರೂ ಚಿಂತೆಯಿಲ್ಲ, ಆರಂಭಿಸಿ. ಎರಡು ಪುಟವಾದ ಮೇಲೆ, ಇದಕ್ಕೆ ಯಾವ ಬಾಗಿಲು ಒಪ್ಪುತ್ತದೆಂದು ಆಲೋಚಿಸಿ ಮೊದಲ ವಾಕ್ಯವನ್ನು ಬರೆಯಿರಿ. ಆ ಸೆಕುಂಡಸ್ ಎಂಬ ಹುಡುಗ ಮೂರು ದಿನ ಬಾಗಿಲಲ್ಲಿಯೇ ನಿಂತುಬಿಟ್ಟಿದ್ದ. ನಾನೂ ಹಾಗೆಯೇ ನಿಂತಿದ್ದೆ. ‘ಪ್ರಬಂಧ’ವೆಂದರೆ ಚೆನ್ನಾಗಿ ಕಟ್ಟಿದ್ದು, ಫ್ರಾನ್ಸಿನ ಮೊಂಟೇನನು 1580ರಲ್ಲಿ ತನ್ನ ಬರಹಗಳಿಗೆ ಕೊಟ್ಟ ಹೆಸರಿಗಾದರೆ ಪ್ರಯತ್ನ, ಪರೀಕ್ಷಿಸಿ ನೋಡುವುದು ಎಂಬ ಅರ್ಥ. ಕಟ್ಟುವುದು ಎರಡನೆಯ ದಿನದ ಕೆಲಸ; ಮೊದಲ ದಿನ ಪ್ರಯತ್ನವೇ ಸಾಕು.

ಆ ಎರಡನೆಯ ದಿನ ಬರೆದುದನ್ನು ಗಟ್ಟಿಯಾಗಿ ಓದಿ. ನಾಲಿಗೆ ಎಡವಿದಲ್ಲಿ ವಾಕ್ಯ ಎಡವಿರುತ್ತದೆ. ದೊಡ್ಡ ಸಂಸ್ಕೃತ ಶಬ್ದವೊಂದು ಎಲ್ಲಿಂದಲೋ ಬಂದು ನಿಮ್ಮ ಮಾತಿನ ನಡುವೆ ಕುಳಿತಿದ್ದರೆ, ಅದರ ಅರ್ಥವನ್ನು ನೀವೇ ಹೇಳಬಲ್ಲಿರಾ ಎಂದು ಕೇಳಿಕೊಳ್ಳಿ. ಸಂಸ್ಕೃತವನ್ನೂ ಕನ್ನಡವನ್ನೂ ಅರಿಯದೆ ಸಮಾಸದಲ್ಲಿ ಬೆರಸುವುದು ಕುದಿಯುವ ಹಾಲಿನಲ್ಲಿ ಮಜ್ಜಿಗೆಯ ಹನಿಗಳನ್ನು ಬೆರಸಿದ ಹಾಗೆಂದು ಕವಿರಾಜಮಾರ್ಗಕಾರನು ಎಚ್ಚರಿಸಿರುವುದು ಈ ಸಂದರ್ಭಕ್ಕೂ ಒಪ್ಪುತ್ತದೆ. ನಾನು ಈಗ ಆಡುತ್ತಿರುವ ಮಾತಿನಲ್ಲಿಯೇ ಸಂಸ್ಕೃತ ಬಹಳವಿದೆ. ಅದು ಐವತ್ತು ವರ್ಷ ಓದಿ ನನ್ನದಾದುದು. ನಿಮಗೂ ಆಗುತ್ತದೆ, ಆದರೆ ಈ ರಾತ್ರಿಯೇ ಆಗಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ಮನೆಯಲ್ಲಿ ಕನ್ನಡವನ್ನೇ ಆಡದ ಮಕ್ಕಳನ್ನು ನಾನು ಮರೆತೆನೆಂದು ಯಾರೂ ತಿಳಿಯಬಾರದು. ನನ್ನ ತರಗತಿಗಳಲ್ಲಿ ತಾಂಡಾಗಳಿಂದ ನಡೆದು ಬರುತ್ತಿದ್ದ ಲಂಬಾಣಿ ಮಕ್ಕಳಿದ್ದರು; ಅವರ ಮನೆಮಾತು ಗೋರ್ ಬೋಲಿ. ಸೂಫಿ ಸಂತ ಬಂದೇನವಾಜರ ಕಾಲದಿಂದ ಈ ಸೀಮೆಯಲ್ಲಿ ನೆಲಸಿದ ದಖ್ಖನಿಯನ್ನು ಆಡುವವರಿದ್ದರು. ಆಳಂದದ ಗಡಿಯ ಊರುಗಳಲ್ಲಿ ಮರಾಠಿಯನ್ನು ಆಡುವವರಿದ್ದರು. ಅವರು ಇಬ್ಬರು ಮಕ್ಕಳ ಕೆಲಸವನ್ನು ಒಬ್ಬರೇ ಮಾಡುತ್ತಿದ್ದಾರೆಂಬುದನ್ನು ನಾವು ಅಂಕ ಹಾಕುವಾಗ ನೆನೆಯುವುದೇ ಇಲ್ಲ. ಅಂಥ ಮಗುವೊಂದು ಮೊದಲು ತನ್ನ ಮಾತಿನಲ್ಲಿ ಕಥೆಯನ್ನು ಹೇಳಿ, ಪಕ್ಕದ ಗೆಳೆಯನು ಅದನ್ನು ಕನ್ನಡದಲ್ಲಿ ಕೇಳಿ, ಇಬ್ಬರೂ ಸೇರಿ ಬರೆದ ಪ್ರಬಂಧಗಳು ನನ್ನ ಅನುಭವದಲ್ಲಿ ಒಬ್ಬೊಬ್ಬರೇ ಬರೆದವುಗಳಿಗಿಂತ ಚೆನ್ನಾಗಿದ್ದವು. ಅದನ್ನು ನಕಲೆಂದು ನಾನು ಎಣಿಸಲಿಲ್ಲ. ಗೈಡಿನಿಂದಾಗಲಿ ಮೊಬೈಲಿನಿಂದಾಗಲಿ ಇಳಿಸಿಕೊಳ್ಳುವುದು ನಕಲು, ಏಕೆಂದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿರುವುದಿಲ್ಲ.

ತಂದೆತಾಯಿಗಳಿಗೂ ಶಾಲೆಯವರಿಗೂ ಒಂದು ಕಠಿನವಾದ ಮಾತನ್ನು ಹೇಳಬೇಕಾಗಿದೆ. ಹತ್ತನೆಯ ತರಗತಿಯ ಫಲಿತಾಂಶ ಬಂದಾಗಲೆಲ್ಲ ಜಿಲ್ಲೆಗಳ ಪಟ್ಟಿಯ ಅಡಿಯಲ್ಲಿ ನಮ್ಮ ಜಿಲ್ಲೆಯ ಹೆಸರನ್ನು ಹಲವು ಸಲ ನೋಡಿ ನಾವು ನೊಂದಿದ್ದೇವೆ, ಮಕ್ಕಳನ್ನು ಬೈದಿದ್ದೇವೆ. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರು, 1949ರಲ್ಲಿ ಉತ್ತಂಗಿ ಚನ್ನಪ್ಪನವರು, 1987ರಲ್ಲಿ ಪುರಾಣಿಕರು, 2020ರಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರಾಗಿ ಕಲಬುರ್ಗಿಯಲ್ಲಿ ನಾಲ್ಕು ಸಾಹಿತ್ಯ ಸಮ್ಮೇಳನಗಳು ನಡೆದವು. ಆ ಮಂಟಪಗಳಿಂದ ನಮ್ಮ ಹಳ್ಳಿಗಳ ಮಗುವಿನ ಬರೆಯುವ ಹಲಗೆಯವರೆಗೆ ದಾರಿಯನ್ನು ನಾವು ಇನ್ನೂ ಮಾಡಿಕೊಟ್ಟಿಲ್ಲ. ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಪುಣೆಗೋ ಮುಂಬಯಿಗೋ ದುಡಿಯಲು ಹೋಗಿರುತ್ತಾರೆ; ಹದಿಮೂರು ವರ್ಷದ ಹುಡುಗಿ ಮುದುಕಿಯನ್ನೂ ತಮ್ಮನನ್ನೂ ನೋಡಿಕೊಂಡು, ನೀರು ತಂದು, ರೊಟ್ಟಿ ಮಾಡಿ, ಹತ್ತು ಗಂಟೆಯ ಮೇಲೆ ಪ್ರಬಂಧಕ್ಕೆ ಕುಳಿತುಕೊಳ್ಳಬೇಕು. ಅವಳು ಬರೆಯದೆ ಬಂದರೆ ಅದನ್ನು ಆಲಸ್ಯವೆನ್ನುವ ಅಧಿಕಾರ ನಮಗಿಲ್ಲ. ಬರವಣಿಗೆಯ ಕೆಲಸವನ್ನು ಮನೆಗೆ ಕಳುಹಿಸುವ ಬದಲು ವಾರಕ್ಕೆ ಒಂದು ಅವಧಿಯನ್ನು ಶಾಲೆಯಲ್ಲಿಯೇ ಅದಕ್ಕೆ ಮೀಸಲಿಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರಗಳೆಂದು ಹೆಸರು. ಅಲ್ಲಿ ದೀಪವಿದೆ, ಮೇಜಿದೆ. ಸಂಜೆ ಒಂದು ತಾಸು ಹೆಣ್ಣುಮಕ್ಕಳು ನಿರ್ಭಯವಾಗಿ ಕುಳಿತು ಬರೆಯುವಂತೆ ಊರವರು ಅದರ ಬಾಗಿಲನ್ನು ತೆರೆಸಿಟ್ಟರೆ, ಅದು ಈ ಊರು ತನ್ನ ಮಕ್ಕಳಿಗೆ ಕೊಟ್ಟ ದತ್ತಿಯೇ ಆಗುತ್ತದೆ.

ಗುರುಗಳಾದ ನನ್ನ ಕಿರಿಯ ಮಿತ್ರರಲ್ಲಿ ಒಂದು ಬೇಡಿಕೆ. ಈ ಉಪನ್ಯಾಸಕ್ಕಾಗಿ ದತ್ತಿಯವರು ಕೊಟ್ಟ ಗೌರವಧನದಲ್ಲಿ ನಾನು ಇನ್ನೂರು ಪುಟದ ಕೆಲವು ನೋಟುಪುಸ್ತಕಗಳನ್ನು ತರಿಸಿ ಈ ವೇದಿಕೆಯ ಬದಿಯಲ್ಲಿ ಇಡಿಸಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದೊಂದರಂತೆ ಸಾಕಾಗುತ್ತವೆ. ಅವುಗಳ ಮೊದಲ ಇಪ್ಪತ್ತು ಪುಟಗಳಿಗೆ ನೀವು ಕೆಂಪು ಮಸಿಯನ್ನು ಮುಟ್ಟಿಸಬಾರದು. ಓದಬೇಕು, ಓದಿ, ನಿಮಗೆ ಹೆಚ್ಚು ತಿಳಿಯಬೇಕೆನಿಸಿದ ಕಡೆಯಲ್ಲಿ ಅಂಚಿನಲ್ಲಿ ‘ಆಮೇಲೆ?’ ಎಂದು ಸೀಸದಕಡ್ಡಿಯಿಂದ ಬರೆಯಬೇಕು. ತಿದ್ದುವುದಕ್ಕೆ ಇಪ್ಪತ್ತೊಂದನೆಯ ಪುಟದಿಂದ ನಿಮಗೆ ಪೂರ್ಣ ಅಧಿಕಾರವಿದೆ.

ಮಕ್ಕಳೆ, ಸಭೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ವಿಷಯದ ಹೆಸರನ್ನು ಬರೆದು ಕೆಳಗೆ ಗೆರೆ ಎಳೆಯಬೇಡಿ. ಇಂದು ಬೆಳಿಗ್ಗೆ ನೀವು ಮನೆಯಿಂದ ಹೊರಟಾಗ ನಿಮ್ಮ ಬಾಗಿಲಲ್ಲಿ ಯಾರು ನಿಂತಿದ್ದರು, ಅವರ ಕೈಯಲ್ಲಿ ಏನಿತ್ತು ಎಂಬುದರಿಂದ ಆರಂಭಿಸಿ.